ಮಗ್ಗ, ಗೇಣಿ, ಬಂದೂಕು: ಐರ್ಲೆಂಡ್ ಕುರಿತು ಓದುಗರ ಪ್ರಶ್ನೆಗಳು

ಬ್ರಿಟಿಷರ ಆಳ್ವಿಕೆಯ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಗಲಭೆಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಬಹಳ ಮಂದಿ ಸುತ್ತಿ ಬಳಸಿ ಕೇಳಿದ್ದು ಒಂದೇ ಮಾತು: ಒಬ್ಬನೇ ಏಸುವನ್ನು ನಂಬುವವರು ಹೀಗೆ ಕಡಿದಾಡಿದ್ದು ಯಾಕೆ? ಬೈಬಲ್ ತಿರುವಿ ಹಾಕಿದರೆ ಇದಕ್ಕೆ ಉತ್ತರ ಸಿಗದು. ಹೊಲದ ಗೇಣಿ ಕರಾರು, ಕಾರ್ಖಾನೆಯ ಹಾಜರಿ ಪುಸ್ತಕ, ಬಂದೂಕಿನ ಪರವಾನಗಿ, ವಾರ್ಡಿನ ನಕಾಶೆ, ಇವುಗಳನ್ನು ನೋಡಬೇಕು.

ಪ್ರಶ್ನೆ: 1916ರಾಗ ಟಿಳಕರು ನಮ್ಮ ಬೆಳಗಾವಿಯೊಳಗೇ ಹೋಂ ರೂಲ್ ಲೀಗ್ ಕಟ್ಟಿದ್ರು. ಆ ಹೆಸರು ಐರ್ಲೆಂಡಿನಿಂದ ಬಂದದ್ದು ಅಂತಾರ. ಅಲ್ಲಿ ಹೋಂ ರೂಲ್ ಅಂದಕೂಡಲೇ ಗಲಭೆ ಯಾಕೆ ಆಗತಿದ್ದವು? (ಒಬ್ಬ ಓದುಗರು, ಟಿಳಕವಾಡಿ, ಬೆಳಗಾವಿ)

ಹೆಸರು ಅಲ್ಲಿಂದಲೇ ಬಂತು. 1870ರಲ್ಲಿ ಐಸಾಕ್ ಬಟ್ ಎಂಬ ಪ್ರಾಟೆಸ್ಟಂಟ್ ವಕೀಲರು ಡಬ್ಲಿನ್‌ನಲ್ಲಿ ಶುರುಮಾಡಿದ ಚಳವಳಿ ಅದು. ಒಳಾಡಳಿತಕ್ಕೆ ಡಬ್ಲಿನ್‌ನಲ್ಲೊಂದು ಶಾಸನಸಭೆ ಇರಲಿ, ಸೈನ್ಯ ಮತ್ತು ವಿದೇಶ ವ್ಯವಹಾರ ಲಂಡನ್ ಕೈಯಲ್ಲೇ ಉಳಿಯಲಿ ಎಂಬಷ್ಟೇ ಬೇಡಿಕೆ. ಬೆಳಗಾವಿಯಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ಸೇರಿದ್ದಾಗ 1916ರ ಏಪ್ರಿಲ್ 28ರಂದು ಟಿಳಕರ ಲೀಗ್ ಹುಟ್ಟಿತು, ಜೋಸೆಫ್ ಬ್ಯಾಪ್ಟಿಸ್ಟಾ ಅಧ್ಯಕ್ಷರಾದರು. ಅದೇ ವಾರ, ಏಪ್ರಿಲ್ 24ರಿಂದ 29ರವರೆಗೆ, ಡಬ್ಲಿನ್‌ನ ಬೀದಿಗಳಲ್ಲಿ ಈಸ್ಟರ್ ದಂಗೆಯ ಗುಂಡು ಹಾರುತ್ತಿತ್ತು. ನಾವು ಹೋಂ ರೂಲ್ ಎಂಬ ಮಾತನ್ನು ಕೈಗೆತ್ತಿಕೊಂಡ ದಿನಗಳಲ್ಲೇ ಅಲ್ಲಿಯ ಒಂದು ಪೀಳಿಗೆ ಅದರ ಮೇಲಿನ ಭರವಸೆ ಕಳೆದುಕೊಂಡು ಬಂದೂಕು ಹಿಡಿದಿತ್ತು.

ಇನ್ನು ಗಲಭೆಯ ಕಾರಣ. ಇಡೀ ದ್ವೀಪದಲ್ಲಿ ಪ್ರಾಟೆಸ್ಟಂಟರು ಸುಮಾರು ನಾಲ್ಕನೇ ಒಂದು ಪಾಲು. ಆದರೆ ಈಶಾನ್ಯದ ಅಲ್ಸ್ಟರ್ ಸೀಮೆಯಲ್ಲಿ, ಅದರಲ್ಲೂ ಬೆಲ್‌ಫಾಸ್ಟ್ ಪಟ್ಟಣದಲ್ಲಿ, ಅವರೇ ಬಹುಸಂಖ್ಯಾತರು. ಹಡಗು ಕಟ್ಟುವ ಕಾರ್ಖಾನೆಗಳ ಒಳ್ಳೆಯ ಪಗಾರಿನ ಕೆಲಸಗಳೆಲ್ಲ ಹೆಚ್ಚುಕಡಿಮೆ ಅವರ ಕೈಯಲ್ಲಿದ್ದವು. ಡಬ್ಲಿನ್‌ನಲ್ಲಿ ಶಾಸನಸಭೆ ಬಂದರೆ ಅಲ್ಲಿ ಕ್ಯಾಥೊಲಿಕರದೇ ಬಹುಮತ, ನಮ್ಮ ಕೆಲಸ ಹೋಗುತ್ತದೆ ಎಂಬ ಭಯ. "ಹೋಂ ರೂಲ್ ಅಂದರೆ ರೋಮ್ ರೂಲ್", ಅಂದರೆ ರೋಮಿನ ಪೋಪನ ಆಳ್ವಿಕೆ, ಎಂಬ ಘೋಷಣೆ ಆ ಭಯದ ಕೂಸು.

1886ರ ಜೂನ್ ತಿಂಗಳನ್ನು ದಿನದಿನ ಬಿಡಿಸಿ ನೋಡಿದರೆ ಅದು ಕಾಣುತ್ತದೆ. ಬ್ರಿಟಿಷ್ ಪ್ರಧಾನಿ ಗ್ಲಾಡ್‌ಸ್ಟನ್ ಅವರ ಮೊದಲ ಹೋಂ ರೂಲ್ ಮಸೂದೆ ಲಂಡನ್ನಿನಲ್ಲಿ ಚರ್ಚೆಯಲ್ಲಿತ್ತು. ಬೆಲ್‌ಫಾಸ್ಟ್‌ನ ಅಲೆಗ್ಸಾಂಡ್ರಾ ಡಾಕ್ ಅಗೆಯುವ ಕೂಲಿಗಳಲ್ಲಿ ಜೂನ್ 3ರಂದು ಜಗಳವಾಯಿತು. ಹೋಂ ರೂಲ್ ಬಂದಮೇಲೆ ನಿಮ್ಮವರಿಗೆ ಇಲ್ಲಿ ರೊಟ್ಟಿ ಗಳಿಸಲು ಬಿಡುವುದಿಲ್ಲ ಎಂದು ಒಬ್ಬ ಕ್ಯಾಥೊಲಿಕ್ ಕೂಲಿ ಪ್ರಾಟೆಸ್ಟಂಟ್ ಜೊತೆಗಾರನಿಗೆ ಅಂದನೆಂಬ ಸುದ್ದಿ ಹಬ್ಬಿತು. ಮಾತಿನಲ್ಲಿದ್ದದ್ದು ರೊಟ್ಟಿ, ಪೋಪ್ ಅಲ್ಲ. ಮರುದಿನ ಮಧ್ಯಾಹ್ನ ಹಡಗು ಕಾರ್ಖಾನೆಯ ನೂರಾರು ಕೆಲಸಗಾರರು ಬಡಿಗೆ ಹಿಡಿದು ಡಾಕಿಗೆ ನುಗ್ಗಿದರು. ತಪ್ಪಿಸಿಕೊಳ್ಳಲು ನೀರಿಗೆ ಹಾರಿದವರಲ್ಲಿ ಒಬ್ಬ ಯುವಕ ಮುಳುಗಿ ಸತ್ತ. ಜೂನ್ 8ರಂದು ಮಸೂದೆ 30 ಮತಗಳಿಂದ ಬಿತ್ತು. ಅದಕ್ಕೆ ಸಂಭ್ರಮದ ಬೆಂಕಿ ಹಾಕಿದರು, ಅಲ್ಲಿಂದ ಮತ್ತೆ ಗಲಭೆ. 9ರಂದು ಶಾಂಕಿಲ್ ರಸ್ತೆಯ ಠಾಣೆಯನ್ನು ಪ್ರಾಟೆಸ್ಟಂಟ್ ಗುಂಪು ಕಲ್ಲಿನಿಂದ ಮುತ್ತಿದಾಗ ಪೊಲೀಸರು ಗುಂಡು ಹಾರಿಸಿ ಏಳು ಮಂದಿ ಸತ್ತರು. ಸೆಪ್ಟೆಂಬರ್‌ವರೆಗೂ ಹೊತ್ತಿ ಆರಿ ಮತ್ತೆ ಹೊತ್ತಿದ ಈ ಗಲಭೆಯಲ್ಲಿ ಅಧಿಕೃತ ಲೆಕ್ಕದಲ್ಲೇ 30ಕ್ಕೂ ಹೆಚ್ಚು ಜನ ಹೋದರು. ಮಸೂದೆ ಗೆದ್ದಿದ್ದರೆ ಸಿಟ್ಟಿನ ಗಲಭೆ ಆಗುತ್ತಿತ್ತು, ಬಿದ್ದದ್ದಕ್ಕೆ ಹಿಗ್ಗಿನ ಗಲಭೆ ಆಯಿತು.

ಆಯುಧಗಳೂ ಕಸುಬಿನವೇ. ಆ ಪಟ್ಟಣದ ಬೀದಿಗಳಿಗೆ ಮೂತ್ರಪಿಂಡದ ಆಕಾರದ ದುಂಡು ಕಲ್ಲು ಹಾಸುತ್ತಿದ್ದರು. ಹಾರೆಯಿಂದ ಒಂದನ್ನು ಎಬ್ಬಿಸಿದರೆ ಪಕ್ಕದವು ಸಲೀಸಾಗಿ ಕೈಗೆ ಬರುತ್ತವೆ. ಗಂಡಸರು ಎಬ್ಬಿಸುವುದು, ಹೆಂಗಸರು ಉಡಿಯಲ್ಲಿ ತುಂಬಿಕೊಂಡು ಮುಂದಿನ ಸಾಲಿಗೆ ಒಯ್ಯುವುದು. ಹಡಗು ಕಾರ್ಖಾನೆಯವರ ಕಿಸೆಯಲ್ಲಿ ರಿವೆಟ್, ನಟ್ಟು, ಬೋಲ್ಟು.

ಪ್ರಶ್ನೆ: ನಮ್ಮದು ನೇಕಾರಿಕೆ ಮನೆತನ. ಐರ್ಲೆಂಡಿನಾಗ ಒಂದು ದೊಡ್ಡ ಗಲಭೆ ನೇಕಾರ ನೇಕಾರರ ನಡುವೇ ಆತು ಅಂತ ಓದೇನಿ. ಒಂದೇ ಕಸುಬಿನವರು ಬಡದಾಡೋವಂಥಾದ್ದು ಏನಿತ್ತ್ರೀ? (ಒಬ್ಬ ನೇಕಾರರು, ಬನಹಟ್ಟಿ)

ಅದು ಅಲ್ಸ್ಟರಿನ ಅರ್ಮಾ ಜಿಲ್ಲೆ, 1780 ಮತ್ತು 1790ರ ದಶಕ. ಅಲ್ಲಿ ನೇಯುತ್ತಿದ್ದದ್ದು ಲಿನನ್. ನಮ್ಮ ಮನೆಗಳಲ್ಲಿ ಹಿಂಡಿ ಕುಟ್ಟುವ ಅಗಸಿಯ ಗಿಡವೇ ಇದು. ನಾವು ಬೀಜಕ್ಕೆ ಬೆಳೆದರೆ ಅವರು ಕಾಂಡದ ನಾರಿಗೆ ಬೆಳೆಯುತ್ತಿದ್ದರು. ಬೀಜ ಪೂರ್ತಿ ಬಲಿಯುವ ಮೊದಲೇ ಬೇರುಸಹಿತ ಕಿತ್ತು, ಹೊಂಡದ ನೀರಿನಲ್ಲಿ ಒಂದೆರಡು ವಾರ ಕೊಳೆಹಾಕಿ, ಒಣಗಿಸಿ, ಬಡಿದು, ಬಾಚಿ ನಾರು ತೆಗೆಯಬೇಕು. ಹೆಂಗಸರು ನೂಲುತ್ತಾರೆ, ಮಕ್ಕಳು ಕಂಡಿಕೆ ಸುತ್ತುತ್ತಾರೆ, ಗಂಡಸು ಮಗ್ಗಕ್ಕೆ ಕೂಡುತ್ತಾನೆ. ತಯಾರಾದ ಥಾನನ್ನು ವಾರದ ಸಂತೆಗೆ ಒಯ್ದು ಮಾರಿ, ಆ ದುಡ್ಡಿನಲ್ಲಿ ಗೇಣಿ ಕಟ್ಟಬೇಕು.

ಬಡಿದಾಟದ ಬೇರು ಈ ಗೇಣಿಯಲ್ಲಿದೆ. ಮಗ್ಗ ಇದ್ದವನಿಗೆ ದೊಡ್ಡ ಹೊಲ ಬೇಕಿಲ್ಲ, ಒಂದು ಗುಡಿಸಲು, ಬಟಾಟೆಗೆ ಒಂದು ತುಂಡು ನೆಲ, ಒಂದು ಆಕಳು ಇದ್ದರೆ ಸಾಕು. ಹಾಗಾಗಿ ಜಮೀನ್ದಾರರು ನೆಲವನ್ನು ಚೂರು ಚೂರು ಮಾಡಿ ಹೆಚ್ಚಿನ ದರಕ್ಕೆ ಕೊಡತೊಡಗಿದರು. ಅರ್ಮಾ ಐರ್ಲೆಂಡಿನಲ್ಲೇ ಅತ್ಯಂತ ಒತ್ತೊತ್ತಾಗಿ ಜನ ತುಂಬಿದ ಜಿಲ್ಲೆಯಾಯಿತು. ಹಳೆಯ ಕಾನೂನು ಕ್ಯಾಥೊಲಿಕನಿಗೆ 31 ವರ್ಷಕ್ಕಿಂತ ಹೆಚ್ಚಿನ ಗೇಣಿ ಕರಾರು ಕೊಡಬಾರದು ಎನ್ನುತ್ತಿತ್ತು. 1778ರಲ್ಲಿ ಅದು ಸಡಿಲವಾಯಿತು. 1782ರಲ್ಲಿ ಭೂಮಿ ಕೊಳ್ಳುವ ಹಕ್ಕೂ ಬಂತು. ಈಗ ಕ್ಯಾಥೊಲಿಕ್ ನೇಕಾರನೂ ಸವಾಲಿಗೆ ನಿಂತು ಹೆಚ್ಚು ಗೇಣಿ ಕೂಗಬಹುದು. ಕರಾರು ಮುಗಿದ ಪ್ರಾಟೆಸ್ಟಂಟ್ ನೇಕಾರನಿಗೆ ಪಕ್ಕದ ಮನೆಯವನೇ ಪೈಪೋಟಿಗಾರ. ಇಬ್ಬರ ಬೆವರೂ ಹೋಗಿ ಸೇರುತ್ತಿದ್ದದ್ದು ಒಬ್ಬನೇ ಜಮೀನ್ದಾರನ ಪೆಟ್ಟಿಗೆಗೆ ಎಂಬುದನ್ನು ಹೇಳುವವರು ಅಲ್ಲಿ ಬಹಳ ಇರಲಿಲ್ಲ.

ಪ್ರಾಟೆಸ್ಟಂಟ್ ಯುವಕರ ಗುಂಪುಗಳು ನಸುಕಿನಲ್ಲಿ ಕ್ಯಾಥೊಲಿಕರ ಮನೆಗೆ ನುಗ್ಗತೊಡಗಿದವು. ನಸುಕಿನ ಹುಡುಗರು ಎಂಬರ್ಥದ 'ಪೀಪ್ ಓ ಡೇ ಬಾಯ್ಸ್' ಎಂಬ ಹೆಸರು ಬಂದದ್ದು ಅದರಿಂದ. ಎದುರಿಗೆ ಕ್ಯಾಥೊಲಿಕರು 'ಡಿಫೆಂಡರ್ಸ್' ಎಂಬ ಸಂಘ ಕಟ್ಟಿದರು. ಎರಡೂ ಕಡೆ ಪ್ರಮಾಣವಚನ, ಗುಟ್ಟಿನ ಸನ್ನೆ. 1795ರ ಸೆಪ್ಟೆಂಬರ್ 21ರಂದು ಲಾಕ್‌ಗಾಲ್ ಎಂಬ ಊರಿನ ಹತ್ತಿರ ಡೈಮಂಡ್ ಎಂಬ ಕೂಡುರಸ್ತೆಯಲ್ಲಿ ಎರಡೂ ಪಡೆ ಎದುರುಬದುರಾದವು. ಪ್ರಾಟೆಸ್ಟಂಟರ ಕೈಯಲ್ಲಿ ಗುಡ್ಡದ ಮೇಲಿನ ಜಾಗವೂ ಇತ್ತು, ಒಳ್ಳೆಯ ಬಂದೂಕೂ ಇದ್ದವು. ಸುಮಾರು 30 ಡಿಫೆಂಡರುಗಳು ಸತ್ತರು, ಈ ಕಡೆ ಒಬ್ಬನೂ ಸಾಯಲಿಲ್ಲ. ಗೆದ್ದವರು ಅಲ್ಲೇ ಆರೆಂಜ್ ಸಂಘವನ್ನು ಹುಟ್ಟುಹಾಕಿದರು.

ಆಮೇಲೆ ನಡೆದದ್ದನ್ನು ನೇಕಾರರು ಓದಿದರೆ ಹೊಟ್ಟೆ ಉರಿಯುತ್ತದೆ. ರಾತ್ರಿ ಗುಂಪು ಬಂದು ಮೊದಲು ಹೋಗುತ್ತಿದ್ದದ್ದು ಮಗ್ಗದ ಹತ್ತಿರ. ಹಾಸನ್ನು ಅಡ್ಡಡ್ಡ ಕೊಯ್ಯುವುದು, ಮಗ್ಗದ ಕಟ್ಟಿಗೆ ಮುರಿಯುವುದು, ನೂಲನ್ನು ಬೆಂಕಿಗೆ ಹಾಕುವುದು. ಬಾಗಿಲಿಗೆ ಒಂದು ಚೀಟಿ: ನರಕಕ್ಕೆ ಹೋಗು, ಇಲ್ಲವೇ ಕನಾಟಿಗೆ ಹೋಗು. ಕನಾಟ್ ಅಂದರೆ ಪಶ್ಚಿಮದ ಬರಡು ಸೀಮೆ. ಮನುಷ್ಯನನ್ನು ಹೊಡೆದರೆ ಅವನು ವಾಸಿಯಾಗಿ ಮತ್ತೆ ನೇಯುತ್ತಾನೆ. ಮಗ್ಗ ಮುರಿದರೆ ಥಾನಿಲ್ಲ, ಥಾನಿಲ್ಲದಿದ್ದರೆ ಗೇಣಿ ಇಲ್ಲ, ಗೇಣಿ ತಪ್ಪಿದರೆ ಕರಾರು ಖಾಲಿ, ಆ ಜಾಗಕ್ಕೆ ಬೇರೊಬ್ಬ ಬರುತ್ತಾನೆ. ಕೆಲವೇ ತಿಂಗಳಲ್ಲಿ ಸುಮಾರು 7,000 ಕ್ಯಾಥೊಲಿಕರು ಊರು ಬಿಟ್ಟರೆಂಬುದು ಬಹುಮಂದಿ ಒಪ್ಪುವ ಅಂದಾಜು. ಜಿಲ್ಲೆಯ ಗವರ್ನರ್ ಲಾರ್ಡ್ ಗಾಸ್ಫರ್ಡ್ ಸ್ವತಃ ಪ್ರಾಟೆಸ್ಟಂಟ್. 1795ರ ಡಿಸೆಂಬರ್ 28ರಂದು ಮ್ಯಾಜಿಸ್ಟ್ರೇಟರನ್ನು ಸೇರಿಸಿ, ಈ ಜನರ ಮೇಲಿರುವ ಒಂದೇ ಆರೋಪ ಅವರು ಕ್ಯಾಥೊಲಿಕರು ಎಂಬುದು ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಹೇಳಿದರೂ ತಡೆಯುವ ಮ್ಯಾಜಿಸ್ಟ್ರೇಟರು ಇರಲಿಲ್ಲ. ಓಡಿಹೋದವರು ಹೋದಲ್ಲೆಲ್ಲ ಈ ಕಥೆ ಹೇಳಿದರು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1798ರ ದಂಗೆಗೆ ಸೇರಿದವರಲ್ಲಿ ಬಹಳ ಮಂದಿ ಇದನ್ನು ಕೇಳಿದವರೇ.

ಪ್ರಶ್ನೆ: 1857ರಾಗ ಹಲಗಲಿ ಬೇಡರು ಆಯುಧ ಒಪ್ಪಿಸೂದಿಲ್ಲ ಅಂತ ಎದ್ದರು. ಐರ್ಲೆಂಡಿನಾಗೂ ನಿಶ್ಶಸ್ತ್ರೀಕರಣ ಕಾಯ್ದೆ ಇತ್ತೇನು? (ಒಬ್ಬ ಓದುಗರು, ಮುಧೋಳ)

ಇತ್ತು, ಹಲಗಲಿಗಿಂತ 160 ವರ್ಷ ಹಿಂದೆಯೇ. 1695ರ ಕಾಯ್ದೆ ಕ್ಯಾಥೊಲಿಕರು ಆಯುಧ ಇಟ್ಟುಕೊಳ್ಳಬಾರದು, 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನೂ ಇಟ್ಟುಕೊಳ್ಳಬಾರದು ಎಂದಿತು. ಹಲಗಲಿಗೂ ಅದಕ್ಕೂ ಒಂದು ದೊಡ್ಡ ಫರಕು ಇದೆ, ಗಮನಿಸಿ. ಇಲ್ಲಿ ಕಾಯ್ದೆ ಊರಿಗೆಲ್ಲ ಒಂದೇ. ಅಲ್ಲಿ ಒಬ್ಬನ ಬಂದೂಕು ಕಸಿದು ಪಕ್ಕದ ಮನೆಯವನ ಬಂದೂಕು ಬಿಟ್ಟರು. ನಸುಕಿನ ಹುಡುಗರು ಮನೆ ಹೊಕ್ಕಾಗ ಹೇಳುತ್ತಿದ್ದದ್ದೂ ಇದನ್ನೇ: ನಾವು ದರೋಡೆಕೋರರಲ್ಲ, ಸರ್ಕಾರದ ಕಾಯ್ದೆ ಪ್ರಕಾರ ಆಯುಧ ಹುಡುಕುತ್ತಿದ್ದೇವೆ. ಕಾಯ್ದೆಯನ್ನು ಜಾರಿ ಮಾಡುವ ಕೆಲಸ ಗುಂಪಿನ ಕೈಗೆ ಹೋದದ್ದೇ ಅಲ್ಲಿಯ ಅನಾಹುತ.

ಇದೇ ಫರಕು 1914ರಲ್ಲೂ ಕಂಡಿತು. ಹೋಂ ರೂಲ್ ವಿರೋಧಿಸುವ ಅಲ್ಸ್ಟರ್ ಸ್ವಯಂಸೇವಕರು ಏಪ್ರಿಲ್ 24ರ ರಾತ್ರಿ ಲಾರ್ನ್ ಮುಂತಾದ ಬಂದರುಗಳಲ್ಲಿ ಸುಮಾರು 25,000 ರೈಫಲ್, 30 ಲಕ್ಷದಷ್ಟು ಗುಂಡು ಇಳಿಸಿದರು. ನೂರಾರು ಮೋಟಾರು ಬಂದು ರಾತ್ರೋರಾತ್ರಿ ಸಾಗಿಸಿದವು, ಯಾರೂ ತಡೆಯಲಿಲ್ಲ. ಮೂರು ತಿಂಗಳ ನಂತರ, ಜುಲೈ 26ರಂದು, ಎದುರು ಪಕ್ಷದ ಐರಿಷ್ ಸ್ವಯಂಸೇವಕರು ಡಬ್ಲಿನ್ ಹತ್ತಿರದ ಹೌತ್‌ನಲ್ಲಿ 900 ಹಳೆಯ ಮೌಸರ್ ಬಂದೂಕು ಇಳಿಸಿದರು, ಅದೂ ಹಾಡುಹಗಲು. ಸೈನ್ಯ ಬಂತು. ಆ ಸೈನಿಕರು ವಾಪಸಾಗುವಾಗ ಬ್ಯಾಚಲರ್ಸ್ ವಾಕ್ ಎಂಬಲ್ಲಿ ಗೇಲಿ ಮಾಡಿ ಕಲ್ಲೆಸೆದ ಜನರ ಮೇಲೆ ಗುಂಡು ಹಾರಿಸಿದರು, ಮೂವರು ಸ್ಥಳದಲ್ಲೇ ಹೋದರು. ಆ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಐರಿಷ್ ಯುವಕರಿಗೆ ಬೇರೆ ಭಾಷಣ ಬೇಕಾಗಲಿಲ್ಲ.

ಪ್ರಶ್ನೆ: ಜುಲೈ 12ರ ಆರೆಂಜ್ ಮೆರವಣಿಗೆ ಅಂದ್ರ ಏನು? ಒಂದು ಮೆರವಣಿಗೆಗೆ ಹೆಣ ಯಾಕೆ ಬೀಳಬೇಕು? (ಒಬ್ಬ ಓದುಗರು, ಗೋಕಾಕ)

ಪ್ರಾಟೆಸ್ಟಂಟ್ ದೊರೆ ವಿಲಿಯಂ 1690ರಲ್ಲಿ ಬಾಯ್ನ್ ನದಿಯ ದಂಡೆಯಲ್ಲಿ ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸನನ್ನು ಸೋಲಿಸಿದ ನೆನಪಿನ ದಿನ. ಹಳೆಯ ಪಂಚಾಂಗದಲ್ಲಿ ಆ ಯುದ್ಧ ನಡೆದದ್ದು ಜುಲೈ 1ಕ್ಕೆ. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿದಾಗ 11 ದಿನ ಮುಂದೆ ಹೋಯಿತು. ಹಿಂದಿನ ರಾತ್ರಿ ಕೇರಿ ಕೇರಿಗೆ ದೊಡ್ಡ ಬೆಂಕಿ. ಮರುದಿನ ಆರೆಂಜ್ ಸಂಘದ ಶಾಖೆಗಳಾದ ಲಾಡ್ಜುಗಳ ಬಾವುಟ, ಕೊಳಲು, ನಗಾರಿ. ಲ್ಯಾಂಬೆಗ್ ಎಂಬ ನಗಾರಿಗೆ ಎರಡೂ ಬದಿ ಆಡಿನ ಚರ್ಮ, ಅಡ್ಡಳತೆ ಮೂರು ಅಡಿಯಷ್ಟು. ಕೊರಳಿಗೆ ನೇತುಹಾಕಿಕೊಂಡು ಬೆತ್ತದಿಂದ ಬಾರಿಸುತ್ತಾರೆ. ನಮ್ಮ ಕರಡಿ ಮಜಲಿನ ನಾದ ಬಲ್ಲವರು ಅದರ ಗದ್ದಲವನ್ನು ಊಹಿಸಿಕೊಳ್ಳಬಹುದು.

ಹೆಣ ಬೀಳುವುದು ದಾರಿಯ ವಿಷಯಕ್ಕೆ. ನಾವು ಎಲ್ಲಿ ನಡೆಯುತ್ತೇವೋ ಆ ನೆಲ ನಮ್ಮದು ಎಂಬ ಅರ್ಥ ಅಲ್ಲಿ ಮೆರವಣಿಗೆಗೆ ಅಂಟಿಕೊಂಡಿದೆ. ಡಾಲೀಸ್ ಬ್ರೇ ಎಂಬ ಕಣಿವೆಯ ಪ್ರಸಂಗವನ್ನೇ ನೋಡಿ. ಕ್ಯಾಥೊಲಿಕರ ವಸತಿಯ ನಡುವೆ ಹಾದುಹೋಗುವ ಹಳೆಯ ಹಾದಿಯೊಂದು, ಅದನ್ನು ತಪ್ಪಿಸಿ ಹೋಗುವ ಹೊಸ ರಸ್ತೆಯೊಂದು. 1848ರಲ್ಲಿ ಆರೆಂಜ್ ಸಂಘದವರು ಹೊಸ ರಸ್ತೆ ಹಿಡಿದರು, ಗದ್ದಲವಾಗಲಿಲ್ಲ. ಆದರೆ ಅಂಜಿದರು ಎಂದು ಕ್ಯಾಥೊಲಿಕರು ವರ್ಷಪೂರ್ತಿ ಲಾವಣಿ ಕಟ್ಟಿ ಅವರನ್ನು ಹಂಗಿಸಿದರು. 1849ರ ಜುಲೈ 12ರಂದು ಸಾವಿರಕ್ಕೂ ಹೆಚ್ಚು ಜನ ಬಂದೂಕು ಸಮೇತ ಹಳೆಯ ಹಾದಿಯಲ್ಲೇ ನಡೆದರು. ಹೋಗುವಾಗ ಪೊಲೀಸರು, ಸೈನಿಕರು ನಡುವೆ ನಿಂತು ಹೇಗೋ ದಾಟಿಸಿದರು. ಲಾರ್ಡ್ ರೋಡನ್ ಅವರ ಎಸ್ಟೇಟಿನಲ್ಲಿ ಭಾಷಣ, ಉಪಚಾರ ಮುಗಿಸಿ ಸಂಜೆ ಅದೇ ಹಾದಿಗೆ ತಿರುಗಿದರು. ಎಲ್ಲೋ ಒಂದು ಸದ್ದಾಯಿತು, ಪಟಾಕಿಯೋ ಗುಂಡೋ. ಎರಡೂ ಕಡೆ ಗುಂಡು ಶುರುವಾಯಿತು, ಮನೆಗಳಿಗೆ ಬೆಂಕಿ ಬಿತ್ತು. ಸತ್ತ ಕ್ಯಾಥೊಲಿಕರ ಅಂದಾಜು 30. ಆರೆಂಜ್ ಕಡೆ ಸಾವಿಲ್ಲ.

ಎಲ್ಲಿ ತಪ್ಪಿತು ಎಂದರೆ, ಹೊಸ ರಸ್ತೆಯಲ್ಲೇ ಹೋಗಿ ಎಂದು ಆಜ್ಞೆ ಮಾಡುವ ಅಧಿಕಾರ ಇದ್ದವರು ಬೆಳಿಗ್ಗೆ ಮಾಡಲಿಲ್ಲ, ಸಂಜೆಯೂ ಮಾಡಲಿಲ್ಲ. ರೋಡನ್ ಅವರನ್ನು ಮ್ಯಾಜಿಸ್ಟ್ರೇಟ್ ಹುದ್ದೆಯಿಂದ ತೆಗೆದರು, 1850ರಲ್ಲಿ ಮೆರವಣಿಗೆ ನಿಷೇಧದ ಕಾಯ್ದೆ ತಂದರು. ಅದೂ ನಿಲ್ಲಲಿಲ್ಲ. 1867ರಲ್ಲಿ ವಿಲಿಯಂ ಜಾನ್‌ಸ್ಟನ್ ಎಂಬ ಆರೆಂಜ್ ಮುಖಂಡ ಬೇಕೆಂದೇ ಕಾಯ್ದೆ ಮುರಿದು ಮೆರವಣಿಗೆ ಮಾಡಿದ. ಎರಡು ತಿಂಗಳ ಜೈಲಾಯಿತು. ಹೊರಗೆ ಬಂದವನು 1868ರಲ್ಲಿ ಬೆಲ್‌ಫಾಸ್ಟ್‌ನಿಂದ ಪಾರ್ಲಿಮೆಂಟಿಗೆ ಆರಿಸಿಬಂದ. 1872ರಲ್ಲಿ ಕಾಯ್ದೆಯೇ ರದ್ದು.

ಪ್ರಶ್ನೆ: 'ಬಾಯ್ಕಾಟ್' ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ಕೇಳೇವಿ. ರೈತರು ಅದನ್ನ ಹೆಂಗ ನಡೆಸಿದರು? ಖರ್ಚು ವೆಚ್ಚದ ಲೆಕ್ಕ ಇದ್ದರ ತಿಳಿಸ್ರಿ. (ರೈತರೊಬ್ಬರು, ಇಂಡಿ ತಾಲ್ಲೂಕು)

ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್, ಪಶ್ಚಿಮದ ಮೇಯೊ ಜಿಲ್ಲೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಕಾರಭಾರಿ. 1879ರ ಪೀಕು ಕೈಕೊಟ್ಟಿತ್ತು. 1845ರಿಂದ ಬಟಾಟೆಗೆ ರೋಗ ಬಿದ್ದು ಸುಮಾರು 10 ಲಕ್ಷ ಜನ ಸತ್ತ ಬರಗಾಲವನ್ನು ಕಂಡವರು ಇನ್ನೂ ಬದುಕಿದ್ದರು. ಆ ಅಕ್ಟೋಬರಿನಲ್ಲಿ ಮೈಕೆಲ್ ಡೇವಿಟ್ ಲ್ಯಾಂಡ್ ಲೀಗ್ ಕಟ್ಟಿದರು, ಪಾರ್ನೆಲ್ ಅಧ್ಯಕ್ಷರಾದರು. ಬೇಡಿಕೆ ಮೂರು: ನ್ಯಾಯವಾದ ಗೇಣಿ, ಗೇಣಿ ಕಟ್ಟುವವರೆಗೆ ಎಬ್ಬಿಸದ ಭದ್ರತೆ, ತಾನು ಮಾಡಿದ ಸುಧಾರಣೆಯ ಹಕ್ಕನ್ನು ಮಾರುವ ಸ್ವಾತಂತ್ರ್ಯ.

1880ರಲ್ಲಿ ಅರ್ನ್ ಒಕ್ಕಲುಗಳು ಗೇಣಿಯಲ್ಲಿ ರೂಪಾಯಿಗೆ ನಾಲ್ಕಾಣೆ, ಅಂದರೆ ಶೇ. 25, ಬಿಡಬೇಕೆಂದರು. ಅವನು ಶೇ. 10 ಎಂದ. ಸೆಪ್ಟೆಂಬರ್ 19ರಂದು ಎನಿಸ್ ಎಂಬ ಊರಿನ ಸಭೆಯಲ್ಲಿ ಪಾರ್ನೆಲ್ ದಾರಿ ತೋರಿಸಿದ್ದರು: ಒಕ್ಕಲೆಬ್ಬಿಸಿದ ಹೊಲ ಹಿಡಿದವನನ್ನು ಹೊಡೆಯಬೇಡಿ, ರಸ್ತೆಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಅವನ ಜೊತೆ ಮಾತು ಬಿಡಿ. ಮೂರೇ ದಿನಕ್ಕೆ ಬಾಯ್ಕಾಟ್ ಕಳಿಸಿದ ಬೆಲೀಫ ಒಕ್ಕಲೆಬ್ಬಿಸುವ ನೋಟಿಸು ಹಂಚಲು ಬಂದಾಗ ಊರಿನ ಹೆಂಗಸರು ಕೆಸರು, ತಿಪ್ಪೆಗೊಬ್ಬರ ಎರಚಿ ಓಡಿಸಿದರು. ಹೊಲದಾಳು ಹೋದ, ಕುದುರೆ ಲಾಯದವ ಹೋದ, ಅಡುಗೆಯವರು ಹೋದರು. ಕಮ್ಮಾರ ಲಾಳ ಬಡಿಯಲೊಲ್ಲ, ಅಗಸಗಿತ್ತಿ ಬಟ್ಟೆ ಒಗೆಯಲೊಲ್ಲಳು, ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಗಳು ರೊಟ್ಟಿ ಕೊಡಲೊಲ್ಲವು. ಟರ್ನಿಪ್, ಬಟಾಟೆ ಮುಂತಾದ ಗಡ್ಡೆಗಳು ನೆಲದಲ್ಲೇ ಉಳಿದವು.

ಕೊನೆಗೆ ಕ್ಯಾವನ್, ಮೊನಹನ್ ಜಿಲ್ಲೆಗಳಿಂದ 50 ಮಂದಿ ಆರೆಂಜ್ ಸಂಘದವರು ಬೆಳೆ ಕೀಳಲು ಬಂದರು. ಅವರ ಕಾವಲಿಗೆ ಸುಮಾರು 1,000 ಸೈನಿಕರು, ಪೊಲೀಸರು. ನವೆಂಬರ್ ಮಳೆ, ಡೇರೆ, ಕೆಸರು, ಎರಡು ವಾರ ಕೆಲಸ. ಲೆಕ್ಕ ಕೇಳಿದ್ದೀರಿ: ಕಿತ್ತ ಬೆಳೆಯ ಬೆಲೆ 500 ಪೌಂಡಿನ ಆಚೀಚೆ, ಸರ್ಕಾರಕ್ಕೆ ಬಿದ್ದ ಖರ್ಚು ಸುಮಾರು 10,000 ಪೌಂಡು. ಒಂದು ಪೌಂಡಿನ ಮಾಲಿಗೆ 20 ಪೌಂಡು. ಡಿಸೆಂಬರ್ ಹುಟ್ಟುವ ಹೊತ್ತಿಗೆ ಬಾಯ್ಕಾಟ್ ದೇಶ ಬಿಟ್ಟ. ಒಂದೂ ಹೆಣ ಬೀಳದೆ ರೈತರು ಗೆದ್ದರು.

ಒಂದು ಗಾಯ ಮಾತ್ರ ಉಳಿಯಿತು. ಅಲ್ಸ್ಟರಿನ ಪ್ರಾಟೆಸ್ಟಂಟ್ ರೈತನಿಗೂ ಗೇಣಿಯದೇ ಸಂಕಟ, ಲೀಗಿನ ಮಾತು ಅವನಿಗೂ ಹಿಡಿಸುತ್ತಿತ್ತು. ಆದರೆ ಜಮೀನ್ದಾರನ ಬೆಳೆ ಕೀಳಲು ಆರೆಂಜ್ ಬಾವುಟದವರು ಬಂದಕೂಡಲೇ ರೈತ ಮತ್ತು ಜಮೀನ್ದಾರರ ಜಗಳಕ್ಕೆ ಧರ್ಮದ ಬಣ್ಣ ಬಿತ್ತು. ಜಮೀನ್ದಾರರಿಗೆ ಬೇಕಾದದ್ದೂ ಅದೇ ಎಂದು ನಮ್ಮ ಅಭಿಪ್ರಾಯ. ಹೊಲ ಉಳುವವನ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1903ರ ಕಾಯ್ದೆಯಿಂದ. ಸರ್ಕಾರ ಸಾಲ ಕೊಟ್ಟಿತು, ರೈತ ವರ್ಷಕ್ಕೆ ಶೇ. 3.25ರಂತೆ ಅರವತ್ತೆಂಟೂವರೆ ವರ್ಷ ಕಂತು ಕಟ್ಟಬೇಕು. ಬಹುಪಾಲು ಕಡೆ ಈ ಕಂತು ಹಳೆಯ ಗೇಣಿಗಿಂತ ಕಡಿಮೆ ಇತ್ತು.

ಪ್ರಶ್ನೆ: ನಾನು ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ನಮ್ಮ ಪೊಲೀಸ್ ಪದ್ಧತಿಗೆ ಐರ್ಲೆಂಡೇ ಮಾದರಿ ಅನ್ನುತ್ತಾರೆ. ನಿಜವೇ? ಬ್ಲ್ಯಾಕ್ ಅಂಡ್ ಟ್ಯಾನ್ಸ್ ಎಂದರೆ ಯಾರು? (ಒಬ್ಬ ಓದುಗರು, ನವನಗರ, ಬಾಗಲಕೋಟೆ)

ನಿಜ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಐರಿಷ್ ಕಾನ್‌ಸ್ಟಾಬುಲರಿಯ ಮಾದರಿಯಲ್ಲಿ ಪೊಲೀಸ್ ಪಡೆ ಕಟ್ಟಿದರು. ಮುಂಬಯಿ ಪ್ರಾಂತದ ಪೊಲೀಸ್ ಸುಧಾರಣೆಗೆ ಅದೇ ಮೇಲ್ಪಂಕ್ತಿ ಆಯಿತು, ಆಗ ನಿಮ್ಮ ಸೀಮೆ ಆ ಪ್ರಾಂತದಲ್ಲೇ ಇತ್ತು. ಲಂಡನ್ ಪೊಲೀಸನ ಕೈಯಲ್ಲಿ ದೊಣ್ಣೆ, ಐರಿಷ್ ಪೊಲೀಸನ ಹೆಗಲಲ್ಲಿ ಬಂದೂಕು. ವಾಸ ಬ್ಯಾರಕ್ಕಿನಲ್ಲಿ. ಸ್ವಂತ ಜಿಲ್ಲೆಯಲ್ಲಿ ಪೋಸ್ಟಿಂಗ್ ಇಲ್ಲ, ಹೆಂಡತಿಯ ತವರು ಜಿಲ್ಲೆಯಲ್ಲೂ ಇಲ್ಲ. ಕೆಳಗಿನ ಸಿಬ್ಬಂದಿಯಲ್ಲಿ ಕ್ಯಾಥೊಲಿಕರೇ ಹೆಚ್ಚು, ಮೇಲಧಿಕಾರಿಗಳಲ್ಲಿ ಪ್ರಾಟೆಸ್ಟಂಟರೇ ಹೆಚ್ಚು.

ಬೆಲ್‌ಫಾಸ್ಟ್‌ಗೆ ಮೊದಲು ತನ್ನದೇ ಪಟ್ಟಣ ಪೊಲೀಸ್ ಇತ್ತು, 160ರಷ್ಟು ಮಂದಿ, ಅವರಲ್ಲಿ ಕ್ಯಾಥೊಲಿಕರು ಒಂದು ಕೈ ಬೆರಳಿನಷ್ಟು. 1864ರ ಗಲಭೆಯಲ್ಲಿ ಆ ಪಡೆಯನ್ನು ಕ್ಯಾಥೊಲಿಕರು ನಂಬಲಿಲ್ಲ. ಮರುವರ್ಷ ಅದನ್ನು ತೆಗೆದು ಐರಿಷ್ ಕಾನ್‌ಸ್ಟಾಬುಲರಿಯನ್ನು ತಂದರು. 1886ರಲ್ಲಿ ಈ ಪಡೆಯನ್ನು ಪ್ರಾಟೆಸ್ಟಂಟರು ನಂಬಲಿಲ್ಲ. ಹೋಂ ರೂಲ್ ಹೇರಲು ದಕ್ಷಿಣದಿಂದ ತಂದ ಕೊಲೆಗಡುಕರು ಎಂದು ಠಾಣೆಗೆ ಕಲ್ಲು ಹೊಡೆದರು. ಎರಡೂ ಕೇರಿ ಒಪ್ಪುವ ಪೊಲೀಸ್ ಇಲ್ಲದ ಊರಲ್ಲಿ ಬಂದೋಬಸ್ತೇ ಗಲಭೆಗೆ ಕಾರಣವಾಗುತ್ತದೆ. ನಿಮ್ಮ ಅನುಭವದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1919ರಿಂದ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಜನ ಪೊಲೀಸರಿಗೆ ಬಾಯ್ಕಾಟ್ ಹಾಕಿದರು, ಹಳ್ಳಿಯ ಠಾಣೆಗಳು ಸುಟ್ಟವು, ರಾಜೀನಾಮೆ ಸಾಲುಗಟ್ಟಿದವು. ಖಾಲಿ ಜಾಗ ತುಂಬಲು ಬ್ರಿಟನ್ನಿನಿಂದ ಮಹಾಯುದ್ಧದ ಮಾಜಿ ಸೈನಿಕರನ್ನು ದಿನಕ್ಕೆ 10 ಶಿಲಿಂಗ್ ಪಗಾರಿಗೆ ಕರೆತಂದರು. 1920ರ ಮಾರ್ಚಿನಿಂದ ಬರತೊಡಗಿದ ಇವರಿಗೆ ಸಾಕಷ್ಟು ಪೊಲೀಸ್ ಸಮವಸ್ತ್ರ ಇರಲಿಲ್ಲ. ಸೈನ್ಯದ ಖಾಕಿ ಪ್ಯಾಂಟು, ಪೊಲೀಸರ ಕಪ್ಪುಹಸಿರು ಅಂಗಿ ಹೀಗೆ ಬೆರಕೆ ತೊಟ್ಟಿದ್ದರಿಂದ ಬ್ಲ್ಯಾಕ್ ಅಂಡ್ ಟ್ಯಾನ್ಸ್ ಎಂಬ ಅಡ್ಡಹೆಸರು. ಊರಿನ ಗುರುತಿಲ್ಲ, ಪೊಲೀಸ್ ತರಬೇತಿ ಅಷ್ಟಕ್ಕಷ್ಟೇ. ಜೊತೆಗಾರನೊಬ್ಬ ಸತ್ತರೆ ಹತ್ತಿರದ ಊರಿಗೇ ಬೆಂಕಿ. ಸೆಪ್ಟೆಂಬರ್ 20ರಂದು ಬಾಲ್‌ಬ್ರಿಗನ್ ಸುಟ್ಟದ್ದು ಹಾಗೆ. ಡಿಸೆಂಬರಿನಲ್ಲಿ ಕಾರ್ಕ್ ಪಟ್ಟಣದ ಪೇಟೆಯನ್ನು ಸುಟ್ಟವರು ಮುಖ್ಯವಾಗಿ ಆಕ್ಸಿಲಿಯರಿಗಳು, ಅಂದರೆ ಮಾಜಿ ಸೈನ್ಯಾಧಿಕಾರಿಗಳ ಇನ್ನೊಂದು ಪಡೆ. ಅವರ ಪಗಾರು ದಿನಕ್ಕೆ ಒಂದು ಪೌಂಡು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. 'ರಕ್ತಸಿಕ್ತ ಭಾನುವಾರ' ಒಂದು ಪುಸ್ತಕದಲ್ಲಿ 1920, ಇನ್ನೊಂದರಲ್ಲಿ 1972. ಯಾವುದು ಸರಿ? (ಒಬ್ಬ ವಿದ್ಯಾರ್ಥಿನಿ, ಇಳಕಲ್)

ಎರಡೂ ಸರಿ, ಎರಡೂ ಬೇರೆ. 1920ರ ನವೆಂಬರ್ 21ರ ಬೆಳಿಗ್ಗೆ ಡಬ್ಲಿನ್‌ನಲ್ಲಿ ಐರಿಷ್ ಕ್ರಾಂತಿಕಾರರು ಬ್ರಿಟಿಷ್ ಗುಪ್ತಚರರನ್ನು ಮನೆ ಮನೆಗೆ ಹೋಗಿ ಕೊಂದರು. ಮಧ್ಯಾಹ್ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಫುಟ್‌ಬಾಲ್ ನೋಡುತ್ತಿದ್ದವರ ಮೇಲೆ ಪೊಲೀಸ್ ಪಡೆ ಗುಂಡು ಹಾರಿಸಿ 14 ಮಂದಿ ಸತ್ತರು. 1972ರ ಜನವರಿ 30ರದ್ದು ಉತ್ತರ ಐರ್ಲೆಂಡಿನ ಡೆರಿ ಪಟ್ಟಣದ್ದು. ವಿಚಾರಣೆ ಇಲ್ಲದ ಬಂಧನದ ವಿರುದ್ಧದ ಮೆರವಣಿಗೆಯ ಮೇಲೆ ಬ್ರಿಟಿಷ್ ಪ್ಯಾರಾಶೂಟ್ ರೆಜಿಮೆಂಟಿನ ಸೈನಿಕರು ಗುಂಡು ಹಾರಿಸಿ 13 ಮಂದಿ ಅಂದೇ ಸತ್ತರು, ಇನ್ನೊಬ್ಬರು ಆಮೇಲೆ.

ಪ್ರಶ್ನೆ: ವಾರ್ಡ್ ವಿಂಗಡಣೆಯಿಂದ ಬಹುಸಂಖ್ಯಾತರನ್ನೇ ಸೋಲಿಸಬಹುದು, ಡೆರಿ ಅದಕ್ಕೆ ಉದಾಹರಣೆ ಅಂತ ಉಪನ್ಯಾಸವೊಂದರಲ್ಲಿ ಕೇಳಿದೆ. ಲೆಕ್ಕ ಹೇಗೆ ಕೂಡುತ್ತದೆ? (ಒಬ್ಬ ಓದುಗರು, ವಿಜಯಪುರ)

1921ರಲ್ಲಿ ಐರ್ಲೆಂಡ್ ಒಡೆದು, ಈಶಾನ್ಯದ ಆರು ಜಿಲ್ಲೆ ಬ್ರಿಟನ್ನಿನಲ್ಲೇ ಉಳಿದವು. ಡೆರಿ ಆ ಭಾಗದ ಎರಡನೇ ದೊಡ್ಡ ಊರು. 1967ರ ಲೆಕ್ಕ ಹಿಡಿಯಿರಿ. ಕ್ಯಾಥೊಲಿಕ್ ಮತದಾರರು 14,429, ಉಳಿದವರು 8,781. ನಗರಸಭೆಯ ಸ್ಥಾನ 20. ಸರಳ ಪಾಲಿನಲ್ಲಿ ಕ್ಯಾಥೊಲಿಕರಿಗೆ 12 ಬರಬೇಕು. ಬರುತ್ತಿದ್ದದ್ದು 8.

ಊರನ್ನು ಮೂರು ವಾರ್ಡ್ ಮಾಡಿದ್ದರು. ದಕ್ಷಿಣ ವಾರ್ಡಿನಲ್ಲಿ 10,047 ಕ್ಯಾಥೊಲಿಕರು, 1,138 ಇತರರು, ಸ್ಥಾನ 8. ಉತ್ತರ ವಾರ್ಡಿನಲ್ಲಿ 2,530 ಮತ್ತು 3,946, ಸ್ಥಾನ 8. ನದಿಯಾಚೆಯ ವಾಟರ್‌ಸೈಡಿನಲ್ಲಿ 1,852 ಮತ್ತು 3,697, ಸ್ಥಾನ 4. ಕ್ಯಾಥೊಲಿಕರನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಂತೆ. ದಕ್ಷಿಣದಲ್ಲಿ ಅವರು ಒಂಬತ್ತು ಸಾವಿರ ಮತದ ಅಂತರದಿಂದ ಗೆದ್ದರೂ ಎಂಟೇ ಸ್ಥಾನ. ಉಳಿದ ಎರಡು ವಾರ್ಡುಗಳಲ್ಲಿ ಎದುರಾಳಿಗಳು ಮೂರು ಸಾವಿರದಷ್ಟು ಅಂತರದಿಂದ ಗೆದ್ದು 12 ಸ್ಥಾನ ಒಯ್ದರು.

ಇದನ್ನು ಉಳಿಸಿಕೊಳ್ಳಲು ಇನ್ನೊಂದು ಕೀಲಿ ಬೇಕಿತ್ತು, ಮನೆ. ಸ್ಥಳೀಯ ಚುನಾವಣೆಯಲ್ಲಿ ಮತ ಇದ್ದದ್ದು ಮನೆಯ ಯಜಮಾನನಿಗೆ ಮತ್ತು ಅವನ ಸಂಗಾತಿಗೆ. ತಂದೆಯ ಮನೆಯಲ್ಲೇ ಇರುವ ಮದುವೆಯಾದ ಮಗನಿಗೆ ಮತ ಇಲ್ಲ, ಕೋಣೆ ಬಾಡಿಗೆ ಹಿಡಿದವನಿಗೆ ಇಲ್ಲ. ಹಾಗಾಗಿ ನಗರಸಭೆ ಒಂದು ಮನೆ ಕೊಟ್ಟರೆ ಎರಡು ಮತ ಕೊಟ್ಟಂತೆ. ಕ್ಯಾಥೊಲಿಕ್ ಕುಟುಂಬಕ್ಕೆ ದಕ್ಷಿಣ ವಾರ್ಡಿನ ಹೊರಗೆ ಮನೆ ಕೊಡುವಂತಿಲ್ಲ, ಕೊಟ್ಟರೆ ಲೆಕ್ಕ ಕೆಡುತ್ತದೆ. ಒಂದೊಂದು ಮನೆಯಲ್ಲಿ ಎರಡು ಮೂರು ಸಂಸಾರ ಒತ್ತಿಕೊಂಡು ಬದುಕಿದ್ದರ ಕಾರಣ ಇದು. 1968ರ ಜೂನಿನಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಸಂಸಾರಗಳನ್ನು ಬಿಟ್ಟು 19 ವರ್ಷದ ಅವಿವಾಹಿತ ಪ್ರಾಟೆಸ್ಟಂಟ್ ಹುಡುಗಿಗೆ ಸರ್ಕಾರಿ ಮನೆ ಕೊಟ್ಟಾಗ ಶಾಸಕ ಆಸ್ಟಿನ್ ಕರಿ ಆ ಮನೆ ಹೊಕ್ಕು ಕುಳಿತರು. ಅಕ್ಟೋಬರ್ 5ರಂದು ಡೆರಿಯಲ್ಲಿ ನಾಗರಿಕ ಹಕ್ಕಿನ ಮೆರವಣಿಗೆಯ ಮೇಲೆ ಲಾಠಿ ಬಿತ್ತು. ಟಿವಿ ಕ್ಯಾಮರಾ ಅದನ್ನು ಲೋಕಕ್ಕೆಲ್ಲ ತೋರಿಸಿತು. ಮತದಾನದ ನಿಯಮ 1969ರಲ್ಲಿ ಬದಲಾಯಿತು, ಡೆರಿಯ ಆ ನಗರಸಭೆಯನ್ನೂ ವಿಸರ್ಜಿಸಿದರು. ಆದರೆ ಆ ಹೊತ್ತಿಗೆ ಬೀದಿಯಲ್ಲಿ ಬೆಂಕಿ ಬಿದ್ದಾಗಿತ್ತು. 1998ರ ಏಪ್ರಿಲ್ 10ರ ಶಾಂತಿ ಒಪ್ಪಂದದವರೆಗೆ 3,500ರಷ್ಟು ಜನ ಸತ್ತರು.

ಪ್ರಶ್ನೆ: ಇಂಡಿಯಾದಲ್ಲಿದ್ದ ಐರಿಷ್ ಸೈನಿಕರಿಗೆ ಇದೆಲ್ಲ ತಿಳಿದಿತ್ತೇ? (ಒಬ್ಬ ಓದುಗರು, ಕ್ಯಾಂಪ್, ಬೆಳಗಾವಿ)

ಮನೆಯಿಂದ ಬಂದ ಕಾಗದಗಳಿಂದ ತಿಳಿಯುತ್ತಿತ್ತು. 1920ರ ಜೂನ್ 28ರಂದು ಪಂಜಾಬಿನ ಜಲಂಧರ್‌ನಲ್ಲಿ ಕನಾಟ್ ರೇಂಜರ್ಸ್ ರೆಜಿಮೆಂಟಿನ ಸೈನಿಕರು, ನಮ್ಮ ಊರುಗಳಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿರುವ ದೌರ್ಜನ್ಯ ನಿಲ್ಲುವವರೆಗೆ ಕವಾಯತು ಮಾಡುವುದಿಲ್ಲ ಎಂದು ಬಂದೂಕು ಕೆಳಗಿಟ್ಟರು. ಸುದ್ದಿ ಸೋಲನ್‌ನಲ್ಲಿದ್ದ ಅವರದೇ ತುಕಡಿಗೆ ಮುಟ್ಟಿತು. ಅಲ್ಲಿ ಮದ್ದುಗುಂಡಿನ ಕೋಠಿಗೆ ನುಗ್ಗಲು ಹೋದಾಗ ಕಾವಲಿನವರ ಗುಂಡಿಗೆ ಇಬ್ಬರು ಸತ್ತರು. ಹಲವರಿಗೆ ಮರಣದಂಡನೆ ವಿಧಿಸಿದರೂ ಜಾರಿಯಾದದ್ದು ಒಬ್ಬನಿಗೆ, ಸೋಲನ್ ಗುಂಪಿನ ಮುಂದಾಳು ಜೇಮ್ಸ್ ಡೇಲಿಗೆ. 1920ರ ನವೆಂಬರ್ 2ರ ಬೆಳಿಗ್ಗೆ ದಗ್‌ಶಾಯಿ ಜೈಲಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದು ಅಲ್ಲೇ ಮಣ್ಣುಮಾಡಿದರು. ಐವತ್ತು ವರ್ಷದ ನಂತರ, 1970ರಲ್ಲಿ, ಅವನ ಅವಶೇಷಗಳನ್ನು ತೆಗೆದು ಅವನ ಊರಾದ ಟಿರೆಲ್ಸ್‌ಪಾಸ್‌ಗೆ ಒಯ್ದರು.